ಡಿಮೆನ್ಶಿಯಾ ಇದೆ ಎಂದು ಈಗಷ್ಟೇ ಗೊತ್ತಾದವರಿಗೆ ಒಂದು ಗುಂಪು: ಕಟ್ಟುವುದು ಹೇಗೆ, ನಡೆಸುವುದು ಹೇಗೆ

ಡಾಕ್ಟರ ಕೋಣೆಯಲ್ಲಿ ಮೂರು ಕುರ್ಚಿ. ಒಂದರಲ್ಲಿ ಡಾಕ್ಟರು, ಒಂದರಲ್ಲಿ ಮಗಳು, ಇನ್ನೊಂದರಲ್ಲಿ ಅಪ್ಪ. ಪರೀಕ್ಷೆಯ ಫಲಿತಾಂಶ ಹೇಳುವ ತನಕ ಡಾಕ್ಟರು ಅಪ್ಪನ ಮುಖ ನೋಡಿಯೇ ಮಾತಾಡುತ್ತಾರೆ. 'ಡಿಮೆನ್ಶಿಯಾ' ಎಂಬ ಪದ ಬಾಯಿಂದ ಬಿದ್ದದ್ದೇ ತಡ, ಅವರ ಕುರ್ಚಿ ಮಗಳ ಕಡೆ ತಿರುಗುತ್ತದೆ. ಮಾತ್ರೆ ಯಾವಾಗ, ಮುಂದಿನ ಭೇಟಿ ಯಾವಾಗ, ಹುಷಾರಾಗಿ ನೋಡಿಕೊಳ್ಳಿ. ಅಪ್ಪ ಅಲ್ಲೇ ಕೂತಿದ್ದಾರೆ. ಎಲ್ಲವೂ ಕೇಳಿಸುತ್ತಿದೆ. ಹೆಚ್ಚುಕಡಿಮೆ ಎಲ್ಲವೂ ಅರ್ಥವೂ ಆಗುತ್ತಿದೆ.

ಆ ಕುರ್ಚಿಯನ್ನು ಮತ್ತೆ ಅಪ್ಪನ ಕಡೆ ತಿರುಗಿಸುವುದೇ ಗುಂಪಿನ ಕೆಲಸ. ಮಿಕ್ಕಿದ್ದೆಲ್ಲ ಅದಕ್ಕೆ ಬೇಕಾದ ಏರ್ಪಾಡು. ಇಂಥ ಗುಂಪುಗಳಲ್ಲಿ ಕೂತು, ಸಾಕಷ್ಟು ತಪ್ಪು ಮಾಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನೀವು ನರ್ಸ್ ಆಗಿರಬಹುದು, ಸಮಾಜ ಕಾರ್ಯಕರ್ತರಿರಬಹುದು, ಆಪ್ತ ಸಮಾಲೋಚಕರಿರಬಹುದು, ಅಥವಾ ನಿಮ್ಮ ಮನೆಯಲ್ಲೇ ಒಬ್ಬರಿಗೆ ಡಿಮೆನ್ಶಿಯಾ ಬಂದು, 'ನಾವೇ ಏನಾದರೂ ಶುರು ಮಾಡೋಣ' ಎಂದುಕೊಂಡವರಿರಬಹುದು. ಯಾರಾದರೂ ಸರಿ.

ಶುರು ಮಾಡುವ ಮೊದಲು ಗೊತ್ತಿರಬೇಕಾದದ್ದು

'ಅರವತ್ತಕ್ಕೆ ಅರಳು ಮರಳು' ಅನ್ನುವ ಮಾತು ನಮ್ಮ ನಾಲಿಗೆ ತುದಿಯಲ್ಲೇ ಇದೆ. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ತಳ್ಳಿಹಾಕುವುದು ಸುಲಭ. ಆದರೆ ಡಿಮೆನ್ಶಿಯಾ ವಯಸ್ಸಿನ ಸಹಜ ಭಾಗವಲ್ಲ. ಅದು ಒಂದೇ ಕಾಯಿಲೆಯೂ ಅಲ್ಲ. ಮೆದುಳಿಗೆ ಪೆಟ್ಟು ಕೊಡುವ ಬೇರೆ ಬೇರೆ ಕಾಯಿಲೆಗಳಿಂದ ಬರುವ ಲಕ್ಷಣಗಳಿಗೆ ಒಟ್ಟಾಗಿ ಇಟ್ಟ ಹೆಸರು. ಅದರಲ್ಲಿ ಆಲ್ಝೈಮರ್ ಕಾಯಿಲೆಯದೇ ದೊಡ್ಡ ಪಾಲು, ಶೇ 60ರಿಂದ 70. ರಕ್ತನಾಳದ ತೊಂದರೆಯಿಂದ ಬರುವುದು, ಲೂಯಿ ಬಾಡಿ, ಫ್ರಂಟೋಟೆಂಪೊರಲ್ ಮುಂತಾದವು ಉಳಿದವು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ 5.5 ಕೋಟಿಗೂ ಜಾಸ್ತಿ ಜನರಿಗೆ ಡಿಮೆನ್ಶಿಯಾ ಇದೆ. ಪ್ರತಿ ವರ್ಷ ಸುಮಾರು ಒಂದು ಕೋಟಿ ಹೊಸಬರು ಸೇರುತ್ತಾರೆ.

ಈ ಒಂದು ಕೋಟಿಯಲ್ಲಿ ಮೊದಲ ಹಂತದಲ್ಲೇ ಗೊತ್ತಾದವರು ಸ್ವಂತ ಬುದ್ಧಿಯಿಂದ ಯೋಚಿಸಬಲ್ಲರು, ತಮಾಷೆ ಮಾಡಬಲ್ಲರು, ಸಿಟ್ಟಾಗಬಲ್ಲರು, ನಿರ್ಧಾರ ತೆಗೆದುಕೊಳ್ಳಬಲ್ಲರು. ಅವರಿಗೆ ಬೇಕಾಗಿರುವುದು ತಮ್ಮ ಹಾಗೇ ಇರುವ ಇನ್ನೊಬ್ಬರು. ಇದು ಹೊಸ ಯೋಚನೆಯೇನೂ ಅಲ್ಲ. 1997ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಬೆರೆ ಮೀಸೆನ್ ಎಂಬ ಮನಶ್ಶಾಸ್ತ್ರಜ್ಞರು 'ಆಲ್ಝೈಮರ್ ಕೆಫೆ' ಶುರು ಮಾಡಿದರು. ಕಾಯಿಲೆ ಇರುವವರು, ಮನೆಯವರು, ಡಾಕ್ಟರು ಎಲ್ಲ ಒಂದೇ ಕಡೆ ಕೂತು ಆ ಕಾಯಿಲೆಯ ಬಗ್ಗೆ ಬಾಯಿಬಿಟ್ಟು ಮಾತಾಡುವ ಜಾಗ ಅದು. 2014ರಲ್ಲಿ ಡಿಮೆನ್ಶಿಯಾ ಇರುವವರೇ ಸೇರಿ 'ಡಿಮೆನ್ಶಿಯಾ ಅಲೈಯನ್ಸ್ ಇಂಟರ್‌ನ್ಯಾಷನಲ್' ಕಟ್ಟಿಕೊಂಡರು. ಅದರ ಸದಸ್ಯರಾಗಬೇಕಾದರೆ ನಿಮಗೆ ಡಿಮೆನ್ಶಿಯಾ ಇರಬೇಕು.

ಗುಂಪಿಗೆ ಬಂದರೆ ಕಾಯಿಲೆ ನಿಲ್ಲುವುದಿಲ್ಲ. ಇದನ್ನು ಮೊದಲೇ ಹೇಳಿಬಿಡಿ. ಕಡಿಮೆಯಾಗುವುದು ಒಂಟಿತನ, ನಾಚಿಕೆ, 'ಇನ್ನು ನನ್ನ ಕಥೆ ಮುಗಿಯಿತು' ಅನ್ನುವ ಭಾವನೆ.

ಹೆಜ್ಜೆ 1: ಎಂಥ ಗುಂಪು ಅಂತ ತೀರ್ಮಾನಿಸಿ

ಎರಡು ದಾರಿ ಇವೆ. ಒಂದು, ಬಾಗಿಲು ಯಾವಾಗಲೂ ತೆರೆದಿರುವ ಗುಂಪು. ತಿಂಗಳಿಗೊಮ್ಮೆ ಸೇರುವುದು, ಯಾರು ಬೇಕಾದರೂ ಬರಬಹುದು. ಇನ್ನೊಂದು, ಎಂಟು ವಾರ, ವಾರಕ್ಕೊಮ್ಮೆ, ಅದೇ ಜನ. ಹೊಸದಾಗಿ ಗೊತ್ತಾದವರಿಗೆ ಎರಡನೆಯದೇ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ಪ್ರತಿ ಸಲ ಹೊಸ ಮುಖ ಬಂದರೆ ನೆನಪಿನ ತೊಂದರೆ ಇರುವವರಿಗೆ ಪ್ರತಿ ಸಲವೂ ಮೊದಲ ದಿನವೇ. ಎಂಟು ವಾರ ಮುಗಿದ ಮೇಲೆ ಬೇಕಾದವರು ತಿಂಗಳ ಗುಂಪಿಗೆ ಹೋಗಲಿ.

ಮೆದುಳಿಗೆ ಚಟುವಟಿಕೆ ಕೊಡುವ ಗುಂಪುಗಳೂ ಇವೆ. ಕಾಗ್ನಿಟಿವ್ ಸ್ಟಿಮ್ಯುಲೇಶನ್ ಥೆರಪಿ ಎನ್ನುತ್ತಾರೆ. ಅದರ ಮೂಲ ರೂಪದಲ್ಲಿ ವಾರಕ್ಕೆ ಎರಡರಂತೆ 14 ಸೆಷನ್. ಅದೂ ಒಳ್ಳೆಯದೇ, ಆದರೆ ಅದರ ಉದ್ದೇಶ ಬೇರೆ. ಎರಡನ್ನೂ ಕಲಸಬೇಡಿ. ಒಬ್ಬರು 'ಮಗ ಬ್ಯಾಂಕ್ ಕಾರ್ಡು ಕಿತ್ತುಕೊಂಡ' ಎಂದು ಹೇಳುತ್ತಿರುವಾಗ ಪದಬಂಧದ ಹಾಳೆ ಹಂಚಲು ಆಗುವುದಿಲ್ಲ, ಅಲ್ವಾ?

ಹೆಜ್ಜೆ 2: ಜನ ಎಷ್ಟು, ಯಾರು

ಆರರಿಂದ ಎಂಟು ಜನ. ನಾಲ್ಕಕ್ಕಿಂತ ಕಡಿಮೆಯಾದರೆ ಇಬ್ಬರು ಬಾರದ ದಿನ ಗುಂಪೇ ಇರುವುದಿಲ್ಲ. ಹತ್ತಾದರೆ ಮಾತಿಗಾಗಿ ಕಾಯುವಷ್ಟರಲ್ಲಿ ಏನು ಹೇಳಬೇಕೆಂದಿದ್ದೆವೋ ಅದೇ ಮರೆತುಹೋಗುತ್ತದೆ. ನಡೆಸಿಕೊಡಲು ಇಬ್ಬರು ಇರಲೇಬೇಕು. ಒಬ್ಬರು ಮಾತು ನಡೆಸುತ್ತಾರೆ. ಇನ್ನೊಬ್ಬರು ಮುಖಗಳನ್ನು ನೋಡುತ್ತಾರೆ, ಯಾರಾದರೂ ಎದ್ದು ಹೊರಟರೆ ಜೊತೆಗೆ ಹೋಗುತ್ತಾರೆ.

65ಕ್ಕೆ ಮೊದಲೇ ಕಾಯಿಲೆ ಬಂದವರ ವಿಷಯ ಬೇರೆ. ಅವರಿಗೆ ಕೆಲಸ, ಸಾಲದ ಕಂತು, ಓದುತ್ತಿರುವ ಮಕ್ಕಳು ಎಲ್ಲ ಇರುತ್ತವೆ. ಎಂಬತ್ತರ ನಾಲ್ವರ ನಡುವೆ ಐವತ್ತರ ಒಬ್ಬರನ್ನು ಕೂರಿಸಿದರೆ ಅವರು ಎರಡನೇ ವಾರ ಬರುವುದಿಲ್ಲ. ಅಂಥವರು ಕನಿಷ್ಠ ಇಬ್ಬರಾದರೂ ಇರುವ ಹಾಗೆ ನೋಡಿಕೊಳ್ಳಿ. ಫ್ರಂಟೋಟೆಂಪೊರಲ್ ಬಗೆಯಲ್ಲಿ ಕೆಲವೊಮ್ಮೆ ನೆನಪು ಚೆನ್ನಾಗಿಯೇ ಇದ್ದು, ನಡವಳಿಕೆ ಬದಲಾಗಿರುತ್ತದೆ. ಬಾಯಿಗೆ ಬಂದದ್ದು ಹೇಳಿಬಿಡಬಹುದು. ಲೂಯಿ ಬಾಡಿ ಇರುವವರಿಗೆ ಇಲ್ಲದ್ದು ಕಾಣಬಹುದು. ಬೆಳಿಗ್ಗೆ ಚುರುಕಾಗಿದ್ದವರು ಮಧ್ಯಾಹ್ನ ಮಂಕಾಗಿರಬಹುದು. ಇವರನ್ನು ಹೊರಗಿಡಿ ಎನ್ನುತ್ತಿಲ್ಲ. ನಡೆಸುವವರಿಗೆ ಮೊದಲೇ ಗೊತ್ತಿರಲಿ.

ಹೆಜ್ಜೆ 3: ಮೊದಲೇ ಒಂದು ಸಲ ಕೂತು ಮಾತಾಡಿ

ಇದನ್ನು ಬಿಟ್ಟರೆ ಗುಂಪು ಕೆಡುತ್ತದೆ. ನಾನು ಒಮ್ಮೆ ಬಿಟ್ಟಿದ್ದೆ. ಮೊದಲ ದಿನ ಒಬ್ಬರು ಬೋರ್ಡ್ ನೋಡಿ, 'ಡಿಮೆನ್ಶಿಯಾನಾ? ನನ್ನನ್ನ ಯಾಕೆ ಇಲ್ಲಿಗೆ ಕರ್ಕೊಂಡು ಬಂದ್ರು?' ಎಂದು ಕೇಳಿದರು. ಮನೆಯವರು ಅವರಿಗೆ ಹೇಳಿಯೇ ಇರಲಿಲ್ಲ. ಅದನ್ನು ಏಳು ಜನ ಅಪರಿಚಿತರ ಮುಂದೆ ಅವರು ತಿಳಿದುಕೊಂಡರು. ನನ್ನ ತಪ್ಪು ಅದು. ಒಂದು ಫೋನ್ ಮಾಡಿದ್ದರೂ ಸಾಕಿತ್ತು.

ಬರುವ ಪ್ರತಿಯೊಬ್ಬರ ಜೊತೆ ಅರ್ಧ ಗಂಟೆ ಕೂರಿ. ಅದರಲ್ಲಿ ಸ್ವಲ್ಪ ಹೊತ್ತು ಮನೆಯವರು ಕೋಣೆಯಲ್ಲಿ ಇರಬಾರದು. ಕೇಳಬೇಕಾದದ್ದು ಇಷ್ಟೇ. 'ಡಾಕ್ಟರ ಹತ್ತಿರ ಹೋಗಿದ್ದು ಯಾಕೆ? ಅವರು ಏನು ಹೇಳಿದರು? ನೀವು ಅದನ್ನ ಏನಂತ ಕರೆಯುತ್ತೀರಿ?' ಮೂರನೆಯ ಪ್ರಶ್ನೆಯ ಉತ್ತರವನ್ನು ಬರೆದಿಟ್ಟುಕೊಳ್ಳಿ. ಒಬ್ಬರು 'ಮರೆವು' ಎನ್ನುತ್ತಾರೆ, ಒಬ್ಬರು 'ನನ್ನ ಪ್ರಾಬ್ಲಂ' ಎನ್ನುತ್ತಾರೆ, ಇನ್ನೊಬ್ಬರು ನೇರವಾಗಿ 'ಆಲ್ಝೈಮರ್' ಎನ್ನುತ್ತಾರೆ. ಅವರವರ ಜೊತೆ ಅವರವರ ಪದವನ್ನೇ ಬಳಸಿ.

'ನನಗೇನೂ ಆಗಿಲ್ಲ, ಇವಳಿಗೆ ಸುಮ್ನೆ ಗಾಬರಿ' ಎನ್ನುವವರೂ ಸಿಗುತ್ತಾರೆ. ಅದು ಹಟ ಇರಬಹುದು, ಭಯ ಇರಬಹುದು. ಎಷ್ಟೋ ಸಲ ಕಾಯಿಲೆಯೇ ಆ ಅರಿವನ್ನು ಅಳಿಸಿರುತ್ತದೆ. ವಾದ ಮಾಡಿ ಒಪ್ಪಿಸಲು ಹೋಗಬೇಡಿ. ಅರಿವೇ ಇಲ್ಲದವರಿಗೆ ಈ ಗುಂಪು ಹಿಂಸೆಯಾಗುತ್ತದೆ. ಹಾಡು, ತೋಟದ ಕೆಲಸ, ನಡಿಗೆ ಇರುವ ಬೇರೆ ಗುಂಪು ಅವರಿಗೆ ಹೊಂದುತ್ತದೆ.

ಕಿವಿ ಮತ್ತು ಕಣ್ಣಿನ ಬಗ್ಗೆ ವಿಚಾರಿಸಿಕೊಳ್ಳಿ. ಎಷ್ಟೋ ಸಲ 'ಅರ್ಥವಾಗಲಿಲ್ಲ' ಎಂದು ನಾವು ತಿಳಿದದ್ದು ಬರೀ 'ಕೇಳಿಸಲಿಲ್ಲ' ಆಗಿರುತ್ತದೆ.

ಹೆಜ್ಜೆ 4: ಜಾಗ, ಹೊತ್ತು

ಬೆಳಿಗ್ಗೆ ಹತ್ತೂವರೆ ಹನ್ನೊಂದರ ಹೊತ್ತು ಒಳ್ಳೆಯದು. ಸಂಜೆಯಾಗುತ್ತಾ ಹೆಚ್ಚಿನವರು ದಣಿಯುತ್ತಾರೆ. ಒಟ್ಟು ಒಂದೂವರೆ ಗಂಟೆ, ನಡುವೆ ಕುಡಿಯಲು ಏನಾದರೂ, ಹತ್ತು ನಿಮಿಷದ ಬಿಡುವು. ಪ್ರತಿ ವಾರ ಅದೇ ದಿನ, ಅದೇ ಕೋಣೆ, ಸಾಧ್ಯವಾದರೆ ಅದೇ ಕುರ್ಚಿ. ಆಸ್ಪತ್ರೆಯ ಕೋಣೆ ಬೇಡ. ಅಲ್ಲಿಗೆ ಕಾಲಿಟ್ಟರೆ ಜನ ರೋಗಿಗಳಾಗಿಬಿಡುತ್ತಾರೆ.

ಚೆನ್ನಾಗಿ ಬೆಳಕಿರಲಿ. ಮಾತು ಗೋಡೆಗೆ ಬಡಿದು ಗೊಯ್ ಎನ್ನಬಾರದು. ನೆಲದ ಮೇಲೆ ಕಪ್ಪು ಮ್ಯಾಟ್ ಇದ್ದರೆ ತೆಗೆಯಿರಿ, ಕೆಲವರ ಕಣ್ಣಿಗೆ ಅದು ಗುಂಡಿಯ ಹಾಗೆ ಕಾಣುತ್ತದೆ. ಟಾಯ್ಲೆಟ್ ಬಾಗಿಲ ಮೇಲೆ ಚಿತ್ರವೂ ಪದವೂ ಇರುವ ದೊಡ್ಡ ಫಲಕ ಹಾಕಿ. ಅಲ್ಲಿಂದ ವಾಪಸ್ ಬರುವ ದಾರಿಗೂ ಒಂದು ಫಲಕ ಬೇಕು. ಇದನ್ನು ಎಲ್ಲರೂ ಮರೆಯುತ್ತಾರೆ.

ಹಿಂದಿನ ದಿನ ಸಂಜೆ ಒಂದು ಫೋನ್, ಆ ದಿನ ಬೆಳಿಗ್ಗೆ ಇನ್ನೊಂದು. ಫೋನ್ ಮಾಡುವುದು ಅವರಿಗೇ, ಮನೆಯವರಿಗಲ್ಲ. ಅವರೇ ಬೇಡ ಎಂದರೆ ಆಗ ಮಾತು ಬೇರೆ.

ಹೆಜ್ಜೆ 5: ಮೊದಲ ದಿನ

ದೊಡ್ಡ ಅಕ್ಷರದಲ್ಲಿ ಹೆಸರಿನ ಬ್ಯಾಡ್ಜ್. ನಡೆಸುವವರಿಗೂ ಬೇಕು. ಬೋರ್ಡ್ ಮೇಲೆ ದಿನ, ತಾರೀಕು, ಇವತ್ತು ಏನೇನು, ಎಷ್ಟು ಹೊತ್ತಿಗೆ ಮುಗಿಯುತ್ತದೆ. ಯಾರನ್ನೂ 'ಇವತ್ತು ಯಾವ ವಾರ ಹೇಳಿ ನೋಡೋಣ' ಎಂದು ಕೇಳಬೇಡಿ. ಡಾಕ್ಟರ ಹತ್ತಿರ ಆ ಪರೀಕ್ಷೆ ಬರೆದು ಅವರಿಗೆ ಸಾಕಾಗಿದೆ.

ಪರಿಚಯಕ್ಕೆ ಕಾಯಿಲೆಯಿಂದ ಶುರು ಮಾಡಬೇಡಿ. 'ನಾನು ಇಂಥವನು, ನನಗೆ ಆಲ್ಝೈಮರ್' ಎಂದು ಸುತ್ತು ಹೊಡೆಸಿದರೆ ಕೋಣೆ ತಣ್ಣಗಾಗುತ್ತದೆ. 'ನಿಮಗೆ ಚೆನ್ನಾಗಿ ಬರುವ ಒಂದು ಕೆಲಸ ಹೇಳಿ' ಎಂದು ಕೇಳಿ. ಒಂದು ಗುಂಪಿನಲ್ಲಿ ಒಬ್ಬರು 'ಗಡಿಯಾರ ರಿಪೇರಿ' ಎಂದರು. ಗೋಡೆಯ ಗಡಿಯಾರ ಐದು ನಿಮಿಷ ಹಿಂದಿದೆ ಎಂದು ಅವರೇ ತೋರಿಸಿದರು. ಮುಂದಿನ ವಾರ ಸಣ್ಣ ಡಬ್ಬಿಯಲ್ಲಿ ಸಲಕರಣೆ ತಂದು ಸರಿಮಾಡಿಯೂ ಬಿಟ್ಟರು. ಹೊತ್ತು ಓದುವುದು ಅವರಿಗೆ ಆಗಲೇ ಕಷ್ಟವಾಗಿತ್ತು. ಬೆರಳುಗಳಿಗೆ ಮಾತ್ರ ಎಲ್ಲ ನೆನಪಿತ್ತು.

ನಿಯಮಗಳನ್ನು ಗುಂಪೇ ಮಾಡಲಿ, ನೀವು ಬೋರ್ಡ್ ಮೇಲೆ ಬರೆಯಿರಿ. ಒಂದು ಹೊತ್ತಿಗೆ ಒಬ್ಬರ ಮಾತು. ಇಲ್ಲಿನ ಮಾತು ಹೊರಗೆ ಹೋಗಬಾರದು. ಒಂದೇ ಮಾತು ಎರಡು ಸಲ ಹೇಳಿದರೆ ಪರವಾಗಿಲ್ಲ. ಮಾತಾಡಲೇಬೇಕು ಎಂದಿಲ್ಲ. ಆ ಹಾಳೆಯನ್ನು ಪ್ರತಿ ವಾರ ಮತ್ತೆ ಗೋಡೆಗೆ ಹಚ್ಚಿ.

ಹೆಜ್ಜೆ 6: ಮಾತು ನಡೆಸುವುದು

ಇಡೀ ಕೆಲಸದಲ್ಲಿ ಕಷ್ಟದ್ದು ಇದೇ. ಕಷ್ಟ ಯಾಕೆಂದರೆ ಸುಮ್ಮನಿರಬೇಕು.

ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರ ತನಕ ಎಣಿಸಿ. ನಿಜವಾಗಿ ಎಣಿಸಿ. ಮೂರಕ್ಕೇ ನಿಮ್ಮ ಬಾಯಿ ತುರಿಸಲು ಶುರುವಾಗುತ್ತದೆ. ಆರಕ್ಕೆ 'ಪಾಪ, ಅವರಿಗೆ ಮುಜುಗರ ಆಗುತ್ತಿದೆ' ಅನ್ನಿಸುತ್ತದೆ. ಹಾಗೆ ಅನ್ನಿಸುವುದು ನಿಮಗೆ, ಅವರಿಗಲ್ಲ. ಅವರು ಉತ್ತರ ಹುಡುಕುತ್ತಿದ್ದಾರೆ. ಏಳಕ್ಕೋ ಎಂಟಕ್ಕೋ ಅದು ಸಿಗುತ್ತದೆ. ನಡುವೆ ನೀವು ಬಾಯಿ ಹಾಕಿದರೆ ಅವರು ಮತ್ತೆ ಒಂದರಿಂದ ಶುರು ಮಾಡಬೇಕು.

ಪದ ಸಿಗದಿದ್ದಾಗ ಏನು ಮಾಡುವುದು? ಒಮ್ಮೆ ಒಬ್ಬ ಮಹಿಳೆ ಹೇಳುತ್ತಿದ್ದರು. 'ಈಗೀಗ ನಾನು ಅದನ್ನ ಯಾವಾಗಲೂ ಹಾಕೇ ಇಡ್ತೀನಿ... ಬಾಗಿಲಿಗೆ ಹಾಕ್ತೀವಲ್ಲ...' ಪಕ್ಕದವರು 'ಬೀಗ' ಎಂದರು. ಅಲ್ಲ ಎಂದು ತಲೆ ಆಡಿಸಿದರು. 'ಚಿಲಕ?' ಅಲ್ಲ. 'ಅಗುಳಿ?' ನಾಲ್ಕನೆಯವರು ಬಾಯಿ ತೆರೆಯುವಷ್ಟರಲ್ಲಿ ಅವರು 'ಬಿಡಿ' ಎಂದರು. ಆಮೇಲೆ ಆ ದಿನ ಪೂರ್ತಿ ಮಾತಾಡಲಿಲ್ಲ. ಎಲ್ಲರೂ ಸಹಾಯ ಮಾಡಿದ್ದೇ, ನೋಡಿ.

ಮುಂದಿನ ವಾರ ಅವರೇ ಒಂದು ಉಪಾಯ ತಂದರು. ತೊಡೆಯ ಮೇಲೆ ಅಂಗೈ ಮೇಲ್ಮುಖ ಮಾಡಿದರೆ 'ಪದ ಹುಡುಕಿಕೊಡಿ' ಎಂದರ್ಥ. ಅಂಗೈ ಕವುಚಿದ್ದರೆ 'ಕಾಯಿರಿ'. ಆವತ್ತಿನಿಂದ ಗುಂಪಿನಲ್ಲಿ ಎಲ್ಲರ ಕಣ್ಣೂ ಮೊದಲು ಕೈಗೆ ಹೋಗುತ್ತಿತ್ತು. ಅವರು ಹುಡುಕುತ್ತಿದ್ದ ಪದ 'ಪರದೆ'. ಅಕ್ಕಪಕ್ಕದವರು ಮಾತಿಗೆ ಬಂದುಬಿಟ್ಟರೆ ಹೆಸರು ನೆನಪಾಗದಿದ್ದರೆ ಎಂಬ ಭಯಕ್ಕೆ ಅವರು ಹಗಲಲ್ಲೂ ಪರದೆ ಎಳೆದೇ ಇಡುತ್ತಿದ್ದರು. ಅದನ್ನು ಕೇಳಿ ಇನ್ನಿಬ್ಬರು 'ನಾನೂ ಅಷ್ಟೇ' ಎಂದರು.

ಇನ್ನು ಕೆಲವು ಸಣ್ಣ ವಿಷಯಗಳು. ಒಂದು ಸಲಕ್ಕೆ ಒಂದೇ ಪ್ರಶ್ನೆ. 'ನೆನಪಿದೆಯಾ?' ಎಂಬ ಪದವನ್ನು ಆದಷ್ಟು ಬಿಡಿ. 'ಹೋದ ವಾರ ಏನು ಮಾತಾಡಿದೆವು?' ಎಂದು ಕೇಳುವ ಬದಲು 'ಹೋದ ವಾರ ಡ್ರೈವಿಂಗ್ ಬಗ್ಗೆ ಮಾತಾಡಿದೆವು' ಎಂದು ನೀವೇ ಹೇಳಿ. ಮುಖ್ಯ ಮಾತುಗಳನ್ನು ಬೋರ್ಡ್ ಮೇಲೆ ಬರೆಯುತ್ತಾ ಹೋಗಿ. ಮಾತಾಡುವವರ ಕೈಗೆ ಒಂದು ನುಣುಪು ಕಲ್ಲೋ ಮರದ ಚೆಂಡೋ ಕೊಟ್ಟರೆ ಸರದಿ ಯಾರದು ಎಂಬ ಗೊಂದಲ ಇರುವುದಿಲ್ಲ. ಇಸವಿ ತಪ್ಪು ಹೇಳಿದರೆ ತಿದ್ದಬೇಡಿ. 1982ರ ಮದುವೆ 1985ರಲ್ಲಿ ಆದರೆ ಯಾರಿಗೇನು ನಷ್ಟ?

ಹೆಜ್ಜೆ 7: ಎಂಟು ವಾರಕ್ಕೆ ವಿಷಯಗಳು

ವಿಷಯಗಳನ್ನು ನೀವು ಸೂಚಿಸಬಹುದು, ಕ್ರಮ ಗುಂಪು ಹೇಳಲಿ. ಒಂದು ಎಚ್ಚರಿಕೆ ಮಾತ್ರ: ಕಾರಿನ ಕೀ, ಕಾನೂನು ಕಾಗದ ಇವನ್ನು ಮೊದಲ ಎರಡು ವಾರ ತರಬೇಡಿ. ಒಬ್ಬರನ್ನೊಬ್ಬರು ನಂಬಲು ಅಷ್ಟು ಸಮಯ ಬೇಕು.

ಮೊದಲಿಗೆ ಗೊತ್ತಾದ ದಿನದ ಕಥೆ. ಎಲ್ಲರಿಗೂ ಹೇಳಲು ಇರುತ್ತದೆ, ಯಾರೂ ಕೇಳಿರುವುದಿಲ್ಲ. ಆಮೇಲೆ, ಯಾರಿಗೆ ಹೇಳುವುದು, ಹೇಗೆ ಹೇಳುವುದು. ಇದಕ್ಕೆ ಎರಡು ವಾರ ಕೊಟ್ಟರೂ ಕಡಿಮೆಯೇ. ಹಳೆಯ ಸ್ನೇಹಿತರಿಗೆ, ಮೊಮ್ಮಕ್ಕಳಿಗೆ, ಕೆಲಸದ ಜಾಗದಲ್ಲಿ ಹೇಗೆ ಹೇಳಬೇಕೆಂದು ಒಂದೆರಡು ವಾಕ್ಯ ಅಲ್ಲೇ ಕೂತು ಬರೆದು, ಜೋರಾಗಿ ಹೇಳಿ ಅಭ್ಯಾಸ ಮಾಡಲಿ. 'ನನಗೆ ನೆನಪಿನ ಕಾಯಿಲೆ ಶುರುವಾಗಿದೆ. ನಿನ್ನ ಹೆಸರು ಮರೆತರೆ ಬೇಜಾರು ಮಾಡ್ಕೋಬೇಡ, ನೀನೇ ಹೇಳಿಬಿಡು.' ಇಷ್ಟು ಸಾಕು.

ದಿನದ ಕೆಲಸಕ್ಕೆ ಬೇಕಾದ ಉಪಾಯಗಳ ವಾರ ಖುಷಿಯ ವಾರ. ಫೋನ್ ಅಲಾರಂ, ವಾರದ ಮಾತ್ರೆ ಡಬ್ಬಿ, ಒಂದೇ ಕಡೆ ಒಂದೇ ಡೈರಿ, ಕಪಾಟಿನ ಬಾಗಿಲ ಮೇಲೆ ಚೀಟಿ. ಇಲ್ಲಿ ನೀವು ಕಲಿಸಬೇಕಾಗಿಯೇ ಇಲ್ಲ, ಅವರೇ ಒಬ್ಬರಿಗೊಬ್ಬರು ಕಲಿಸುತ್ತಾರೆ.

ಡ್ರೈವಿಂಗ್ ವಾರ ಹಾಗಲ್ಲ. ಡಿಮೆನ್ಶಿಯಾ ಎಂದು ಹೇಳಿದ ದಿನವೇ ಎಲ್ಲರೂ ಗಾಡಿ ಬಿಡಬೇಕು ಎಂದಿಲ್ಲ. ಆದರೆ ಎಲ್ಲರೂ ಒಂದಲ್ಲ ಒಂದು ದಿನ ಬಿಡಲೇಬೇಕು. ನಿಯಮ ದೇಶದಿಂದ ದೇಶಕ್ಕೆ ಬೇರೆ, ಡಾಕ್ಟರ ಹತ್ತಿರ ಕೇಳಿಯೇ ತಿಳಿಯಬೇಕು. ಗುಂಪಿನಲ್ಲಿ ಆಗಲೇ ಬಿಟ್ಟವರು ಒಬ್ಬರಿದ್ದರೆ ಅವರ ಮಾತು ನಿಮ್ಮ ನೂರು ಮಾತಿಗಿಂತ ತೂಕದ್ದು.

ಹಣ, ಉಯಿಲು, ಪವರ್ ಆಫ್ ಅಟಾರ್ನಿ, ಮುಂದೆ ಎಂಥ ಚಿಕಿತ್ಸೆ ಬೇಕು ಎಂಥದ್ದು ಬೇಡ ಎಂಬ ಇಚ್ಛೆ, ಇವೆಲ್ಲ ಈಗಲೇ ಬರೆದಿಡಬೇಕಾದವು. ಸಹಿ ಹಾಕುವವರಿಗೆ ಅದು ಅರ್ಥವಾಗುವ ಕಾಲದಲ್ಲೇ ಆಗಬೇಕು. ವಕೀಲರನ್ನು ಕರೆಯಿರಿ, ಆದರೆ ಹದಿನೈದು ನಿಮಿಷಕ್ಕಿಂತ ಜಾಸ್ತಿ ಭಾಷಣ ಬೇಡ. ಮಿಕ್ಕ ಹೊತ್ತೆಲ್ಲ ಪ್ರಶ್ನೆಗೆ. ಫೋನ್ ಮಾಡಿ ಓಟಿಪಿ ಕೇಳುವ ಕಳ್ಳರ ಬಗ್ಗೆಯೂ ಅದೇ ದಿನ ಹೇಳಿ.

ಔಷಧಿಯ ಮಾತು ಬಂದೇ ಬರುತ್ತದೆ. ಡೊನೆಪೆಜಿಲ್‌ನಂಥ ಮಾತ್ರೆಗಳು ಕೆಲವರಿಗೆ ಸ್ವಲ್ಪ ಕಾಲ ಅನುಕೂಲ ಮಾಡುತ್ತವೆ, ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ಲೆಕಾನೆಮ್ಯಾಬ್, ಡೊನಾನೆಮ್ಯಾಬ್ ಎಂಬ ಹೊಸ ಔಷಧಿಗಳು ಆರಂಭದ ಆಲ್ಝೈಮರ್‌ನ ವೇಗವನ್ನು ಒಂದಿಷ್ಟು ತಗ್ಗಿಸುತ್ತವೆ. ಆದರೆ ಮೆದುಳಿನಲ್ಲಿ ಊತ, ರಕ್ತಸ್ರಾವದ ಅಪಾಯ ಇದೆ. ಎಲ್ಲರಿಗೂ ಆಗಿಬರುವುದಿಲ್ಲ, ಎಲ್ಲ ದೇಶದಲ್ಲೂ ಸಿಗುವುದಿಲ್ಲ. ಯಾರೋ ಒಬ್ಬರು ಎಲ್ಲ ವಾಸಿ ಮಾಡುವ ಎಣ್ಣೆಯ ಜಾಹೀರಾತು ತಂದೇ ತರುತ್ತಾರೆ. 'ಗುಂಪಿನಲ್ಲಿ ಔಷಧಿ ಶಿಫಾರಸು ಇಲ್ಲ, ಡಾಕ್ಟರಿಗೆ ತೋರಿಸಿ' ಎಂಬ ನಿಯಮ ಆಗ ಕೈಹಿಡಿಯುತ್ತದೆ.

ಹೆಜ್ಜೆ 8: ಕಷ್ಟದ ಗಳಿಗೆಗಳು

ಯಾರಾದರೂ ಅತ್ತರೆ ಟಿಶ್ಯೂ ಡಬ್ಬಿ ಕೈಗೆ ತುರುಕಬೇಡಿ. 'ಅಳು ನಿಲ್ಲಿಸಿ' ಎಂದ ಹಾಗಾಗುತ್ತದೆ. ಕೈಗೆಟುಕುವ ಹಾಗೆ ಮೇಜಿನ ಮೇಲಿರಲಿ. ಗುಂಪು ಸುಮ್ಮನೆ ಜೊತೆಗಿರಲಿ.

ಒಬ್ಬರೇ ಮಾತಾಡುತ್ತಿದ್ದರೆ ಅವರ ಮಾತಿನ ಎಳೆಯನ್ನೇ ಹಿಡಿದು ಇನ್ನೊಬ್ಬರಿಗೆ ದಾಟಿಸಿ. 'ನೀವು ನಿದ್ದೆ ಬರಲ್ಲ ಅಂದಿರಿ. ಬೇರೆ ಯಾರಿಗೆ ಹಾಗಾಗುತ್ತೆ?' 'ನನ್ನ ಹೆಂಡತಿ ದುಡ್ಡು ಕದಿಯುತ್ತಾಳೆ' ಎಂದು ಒಬ್ಬರು ಹೇಳಿದರೆ, ಹೌದು ಅಲ್ಲ ಎರಡೂ ಬೇಡ. 'ಇಟ್ಟದ್ದು ಸಿಗದಿದ್ದರೆ ತಲೆ ಕೆಡುತ್ತೆ' ಎಂದು ಆ ಸಂಕಟಕ್ಕೆ ಉತ್ತರ ಕೊಡಿ, ಆಮೇಲೆ ಬೇರೆಯಾಗಿ ವಿಚಾರಿಸಿ. ಕೆಲವೊಮ್ಮೆ ನಿಜವಾಗಿಯೂ ಯಾರೋ ಕದಿಯುತ್ತಿರುತ್ತಾರೆ.

'ಬದುಕಿ ಏನು ಪ್ರಯೋಜನ' ಎಂಬ ಮಾತನ್ನು ಎಂದೂ ಹಾರಿಸಿಬಿಡಬೇಡಿ. ಗೊತ್ತಾದ ಮೊದಲ ಕೆಲವು ತಿಂಗಳು, ಅದರಲ್ಲೂ 65ಕ್ಕಿಂತ ಕಡಿಮೆ ವಯಸ್ಸಿನವರಲ್ಲಿ, ಜೀವಕ್ಕೆ ಅಪಾಯ ಮಾಡಿಕೊಳ್ಳುವ ಸಾಧ್ಯತೆ ಹೆಚ್ಚು. ಆ ದಿನವೇ, ಪಕ್ಕದ ಕೋಣೆಯಲ್ಲಿ ಕೂತು, ಸುತ್ತಿ ಬಳಸದೆ ಕೇಳಿ: 'ಸಾಯುವ ಯೋಚನೆ ಬರುತ್ತಿದೆಯಾ?' ಕೇಳುವುದರಿಂದ ಆ ಯೋಚನೆ ತಲೆಗೆ ಬರುವುದಿಲ್ಲ. ಹೌದು ಎಂದರೆ ಒಬ್ಬರೇ ಮನೆಗೆ ಹೋಗಲು ಬಿಡಬೇಡಿ. ಆಗಲೇ ಡಾಕ್ಟರಿಗೋ ತುರ್ತು ಸೇವೆಗೋ ಫೋನ್ ಮಾಡಿ.

ಹೋದ ವಾರ ಚೆನ್ನಾಗಿದ್ದವರು ಈ ವಾರ ಇದ್ದಕ್ಕಿದ್ದಂತೆ ತೀರಾ ಗೊಂದಲದಲ್ಲಿದ್ದರೆ 'ಡಿಮೆನ್ಶಿಯಾ ಜಾಸ್ತಿಯಾಯಿತು' ಎಂದುಕೊಳ್ಳಬೇಡಿ. ಡಿಮೆನ್ಶಿಯಾ ಸಾಮಾನ್ಯವಾಗಿ ಹಾಗೆ ಒಂದೆರಡು ದಿನದಲ್ಲಿ ಏರುವುದಿಲ್ಲ. ಮೂತ್ರದ ಸೋಂಕು, ನೀರು ಕಡಿಮೆಯಾದದ್ದು, ಹೊಸ ಮಾತ್ರೆ, ಪಾರ್ಶ್ವವಾಯು ಹೀಗೆ ಬೇರೆ ಕಾರಣ ಇರಬಹುದು. ಅದೇ ದಿನ ಡಾಕ್ಟರಿಗೆ ತೋರಿಸಬೇಕು.

ಹೆಜ್ಜೆ 9: ಮನೆಯವರು

ಮನೆಯವರಿಗೂ ಗುಂಪು ಬೇಕು, ಆದರೆ ಅದೇ ಕೋಣೆಯಲ್ಲಿ ಅಲ್ಲ. ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಅವರದ್ದೊಂದು ನಡೆಸಿ, ಕೊನೆಯ ಹದಿನೈದು ನಿಮಿಷ ಎಲ್ಲರೂ ಸೇರಲಿ. ಒಟ್ಟಿಗೆ ಕೂರಿಸಿದರೆ ಏನಾಗುತ್ತದೆ ಗೊತ್ತಾ? ಗಂಡನಿಗೆ ಪ್ರಶ್ನೆ ಕೇಳಿದರೆ ಹೆಂಡತಿ ಉತ್ತರ ಕೊಡುತ್ತಾರೆ. ಪ್ರೀತಿಯಿಂದಲೇ, ಅವರು ಒದ್ದಾಡುವುದನ್ನು ನೋಡಲಾಗದೆ. ಹೀಗೆ ಒಂದೂವರೆ ಗಂಟೆ ಒಂದು ಮಾತೂ ಆಡದ ಒಬ್ಬರು, ಮುಂದಿನ ವಾರ ಹೆಂಡತಿ ಪಕ್ಕದ ಕೋಣೆಗೆ ಹೋದ ಮೇಲೆ ಇಪ್ಪತ್ತು ನಿಮಿಷ ಮಾತಾಡಿದರು. ವಿಷಯ ಏನೆಂದರೆ, ಅವಳಿಗೆ ಹೊರೆಯಾಗುತ್ತಿದ್ದೇನೆ ಎಂಬ ಚಿಂತೆ. ಅದನ್ನು ಅವಳ ಮುಂದೆ ಹೇಗೆ ಹೇಳುವುದು?

ಗುಂಪಿನಲ್ಲಿ ಏನಾಯಿತು ಎಂದು ಮನೆಯವರು ನಿಮ್ಮನ್ನು ಕೇಳುತ್ತಾರೆ. ಹೇಳಬೇಡಿ. ಜೀವಕ್ಕೆ ಅಪಾಯ ಇದ್ದರೆ ಮಾತ್ರ ಹೇಳುತ್ತೇವೆ ಎಂದು ಎಲ್ಲರಿಗೂ ಮೊದಲ ದಿನವೇ ತಿಳಿಸಿರಿ.

ಹೆಜ್ಜೆ 10: ಮುಗಿಸುವುದು

ಆರನೇ ವಾರದಿಂದಲೇ ಬೋರ್ಡ್ ಮೇಲೆ 'ಇನ್ನು ಎರಡು ಭೇಟಿ' ಎಂದು ಬರೆಯಲು ಶುರು ಮಾಡಿ. ಇಲ್ಲದಿದ್ದರೆ ಕೊನೆಯ ದಿನ ಕೆಲವರಿಗೆ ಬರಸಿಡಿಲಿನಂತೆ ಬರುತ್ತದೆ.

ಹೇಗಿತ್ತು ಎಂದು ತಿಳಿಯಬೇಕಾದರೆ ಅಲ್ಲೇ, ಆಗಲೇ ಕೇಳಿ. ಒಮ್ಮೆ ನಾವು ಒಂದು ವಾರದ ಮೇಲೆ ಮನೆಗೆ ಫಾರ್ಮ್ ಕಳಿಸಿದೆವು. ಎಂಟು ಫಾರ್ಮ್ ವಾಪಸ್ ಬಂದವು, 'ತುಂಬಾ ಉಪಯೋಗವಾಯಿತು' ಎಂದು ಮುದ್ದಾದ ಅಕ್ಷರದಲ್ಲಿ. ಎಲ್ಲ ಮಕ್ಕಳ, ಸೊಸೆಯಂದಿರ ಅಕ್ಷರ. ಈಗ ಪ್ರತಿ ಭೇಟಿಯ ಕೊನೆಗೆ ಎರಡೇ ಪ್ರಶ್ನೆ: ಇವತ್ತು ಯಾವುದು ಇಷ್ಟವಾಯಿತು, ಯಾವುದು ಬೇಡವಾಗಿತ್ತು? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳುತ್ತೇವೆ.

ಫೋನ್ ನಂಬರ್ ಹಂಚಿಕೊಳ್ಳಲು ಇಷ್ಟ ಇರುವವರ ಪಟ್ಟಿ ಮಾಡಿ, ದೊಡ್ಡ ಅಕ್ಷರದಲ್ಲಿ, ಹೆಸರಿನ ಪಕ್ಕ ಫೋಟೋ ಹಾಕಿ ಕೊಡಿ. ಹೆಸರು ನೆನಪಾಗದಿದ್ದರೂ ಮುಖ ನೋಡಿ ಫೋನ್ ಮಾಡುತ್ತಾರೆ. ಮುಂದೆ ಎಲ್ಲಿಗೆ ಹೋಗಬಹುದು ಎಂದು ಪ್ರತಿಯೊಬ್ಬರ ಜೊತೆ ಬೇರೆಬೇರೆಯಾಗಿ ಮಾತಾಡಿ. ಒಬ್ಬರಿಗೆ ತಿಂಗಳ ಗುಂಪು, ಒಬ್ಬರಿಗೆ ಚಟುವಟಿಕೆಯ ಗುಂಪು, ಒಬ್ಬರಿಗೆ ಏನೂ ಬೇಡ.

ಹೊಸ ಗುಂಪು ಶುರುವಾಗುವಾಗ ಹಳೆಯ ಗುಂಪಿನ ಒಬ್ಬರನ್ನು ಮೊದಲ ದಿನಕ್ಕೆ ಕರೆಯಿರಿ. ನಮ್ಮಲ್ಲಿ ಪರದೆಯ ಕಥೆ ಹೇಳಿದ ಮಹಿಳೆಯೇ ಬಂದರು. ಬಾಗಿಲ ಬಳಿ ನಿಂತು ಬ್ಯಾಡ್ಜ್ ಹಂಚಿದರು. ಎಲ್ಲರೂ ಕೂತ ಮೇಲೆ ತೊಡೆಯ ಮೇಲೆ ಕೈ ಇಟ್ಟುಕೊಂಡು, ಒಮ್ಮೆ ಮೇಲ್ಮುಖ, ಒಮ್ಮೆ ಕವುಚಿ ತೋರಿಸಿಕೊಟ್ಟರು.